ಸೆಟ್ಟಿಂಗ್ ಬದಲಿಸಿದರೆ ಮೆಟಲ್ ಡಿಟೆಕ್ಟರ್‌ಗೆ ಹತ್ತು ಅಡಿ ಆಳದ ನಾಣ್ಯ ಸಿಗುತ್ತದೆಯೇ?

‘ಸೆನ್ಸಿಟಿವಿಟಿ ಪೂರ್ತಿ ಏರಿಸಿ, ಡಿಸ್ಕ್ರಿಮಿನೇಷನ್ ಪೂರ್ತಿ ಇಳಿಸಿ, ಹತ್ತು ಅಡಿ ಆಳದಲ್ಲಿರುವ ಟಿಪ್ಪು ಕಾಲದ ನಾಣ್ಯವೂ ಸಿಗುತ್ತದೆ.’ ಈ ಧಾಟಿಯ ವಿಡಿಯೋ ಮತ್ತು ಸಂದೇಶಗಳು ನಿಮ್ಮ ಗ್ರೂಪಿಗೂ ಬಂದಿರಬಹುದು. ಮೈಸೂರು, ಶ್ರೀರಂಗಪಟ್ಟಣ, ತಲಕಾಡು ಅಂದ ಕೂಡಲೇ ನಿಧಿಯ ಮಾತು ಬರುವುದು ಹೊಸದೇನಲ್ಲ. ಈಗ ಅದರ ಜೊತೆಗೆ ಒಂದು ಯಂತ್ರ ಸೇರಿಕೊಂಡಿದೆ, ಅಷ್ಟೇ.

ಈ ಸಂದೇಶಗಳಲ್ಲಿ ಸ್ವಲ್ಪ ಸತ್ಯವಿದೆ. ಸೆಟ್ಟಿಂಗ್ ಸರಿಯಾಗಿ ಇಟ್ಟರೆ ಡಿಟೆಕ್ಟರ್ ನಿಜಕ್ಕೂ ಇನ್ನಷ್ಟು ಆಳ ನೋಡುತ್ತದೆ. ಎಷ್ಟು ಆಳ ಎಂಬಲ್ಲಿ ಮಾತ್ರ ಸುಳ್ಳು ಸೇರಿಕೊಳ್ಳುತ್ತದೆ. ಹೆಚ್ಚಿಗೆ ಸಿಗುವುದು ಕೆಲವು ಸೆಂಟಿಮೀಟರ್. ಅಡಿಗಳ ಲೆಕ್ಕದಲ್ಲಿ ಅಲ್ಲವೇ ಅಲ್ಲ.

ಇಲ್ಲಿನ ಮಣ್ಣಿನಲ್ಲಿ ಯಾವ ನಾಣ್ಯಗಳಿರಬಹುದು?

ಹಳೆಯ ನಾಣ್ಯ ಈ ಸೀಮೆಯ ನೆಲದಲ್ಲಿ ಇಲ್ಲ ಎಂದು ನಾವು ಹೇಳುತ್ತಿಲ್ಲ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಟಂಕಿಸಿದ ಚಿನ್ನದ ‘ಕಂಠೀರಾಯಿ ಹಣ’ ಅವರ ಕಾಲದ ನಂತರವೂ ಬಹಳ ವರ್ಷ ಚಲಾವಣೆಯಲ್ಲಿತ್ತು. ಅದು ತೊಗರಿ ಕಾಳಿನಷ್ಟು ಅಗಲದ ಬಿಲ್ಲೆ. ತೂಕ ಅರ್ಧ ಗ್ರಾಂ ಕೂಡ ಇಲ್ಲ. ಟಿಪ್ಪು ಸುಲ್ತಾನನ ಆನೆ ಚಿತ್ರದ ತಾಮ್ರದ ಪೈಸೆ ಇದಕ್ಕೆ ವಿರುದ್ಧ, ದಪ್ಪಗೆ ಸುಮಾರು 11 ಗ್ರಾಂ ತೂಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳೂ ಇವೆ.

ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಕಥೆಗಳಲ್ಲಿ ಬರುವುದು ಚಿನ್ನದ ನಾಣ್ಯ. ಡಿಟೆಕ್ಟರಿಗೆ ಸುಲಭವಾಗಿ ಸಿಗುವುದು ತಾಮ್ರದ ದುಡ್ಡು.

ಯಂತ್ರ ಕೆಲಸ ಮಾಡುವುದು ಹೇಗೆ?

ದಸರಾ ಸಮಯದಲ್ಲಿ ಅರಮನೆಯ ಬಾಗಿಲಲ್ಲಿ ಪೊಲೀಸರು ನಿಮ್ಮನ್ನು ಹಾಯಿಸುವ ಚೌಕಟ್ಟು, ಕೈಯಲ್ಲಿ ಹಿಡಿದು ಮೈಮೇಲೆ ಆಡಿಸುವ ಪಟ್ಟಿ, ನೆಲದ ಮೇಲೆ ಆಡಿಸುವ ತಟ್ಟೆ, ಎಲ್ಲದರ ತತ್ವವೂ ಒಂದೇ. ತಂತಿಯ ಸುರುಳಿಯಲ್ಲಿ (ಇದನ್ನೇ ಕಾಯಿಲ್ ಎನ್ನುತ್ತಾರೆ) ವಿದ್ಯುತ್ ಹರಿದಾಗ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಈ ಕ್ಷೇತ್ರ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಹತ್ತಿರದಲ್ಲಿ ಲೋಹವಿದ್ದರೆ ಅದರೊಳಗೆ ಸಣ್ಣ ಸುಳಿಗಳಂತೆ ವಿದ್ಯುತ್ ಹರಿಯತೊಡಗುತ್ತದೆ. ಆ ಸುಳಿಗಳು ತಮ್ಮದೇ ಪುಟ್ಟ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ, ಯಂತ್ರ ಅದನ್ನು ಹಿಡಿದು ಬೀಪ್ ಎನ್ನುತ್ತದೆ.

ಅಂದರೆ ಸಂಕೇತ ಎರಡು ಸಲ ಪ್ರಯಾಣ ಮಾಡಬೇಕು: ಕಾಯಿಲ್‌ನಿಂದ ನಾಣ್ಯಕ್ಕೆ, ನಾಣ್ಯದಿಂದ ಮತ್ತೆ ಕಾಯಿಲ್‌ಗೆ. ಹೋಗುವಾಗಲೂ ಬರುವಾಗಲೂ ಅದು ಬಹಳ ಬೇಗ ಸೊರಗುತ್ತದೆ. ಸಾಮಾನ್ಯವಾಗಿ ಬಳಸುವ 28 ಸೆಂ.ಮೀ. ಅಗಲದ ಕಾಯಿಲ್ ತೆಗೆದುಕೊಂಡು ಲೆಕ್ಕ ಹಾಕೋಣ. 20 ಸೆಂ.ಮೀ. ಆಳದಲ್ಲಿರುವ ನಾಣ್ಯವನ್ನು 40 ಸೆಂ.ಮೀ. ಆಳಕ್ಕೆ ಇಳಿಸಿದರೆ ಸಂಕೇತ ಅರ್ಧವಾಗುವುದಿಲ್ಲ, ಸುಮಾರು 27ರಲ್ಲಿ ಒಂದು ಪಾಲಾಗುತ್ತದೆ. ಒಂದು ಮೀಟರಿಗೆ ಇಳಿಸಿದರೆ 5 ಸಾವಿರದಲ್ಲಿ ಒಂದು ಪಾಲು. ಹತ್ತು ಅಡಿ, ಅಂದರೆ 3 ಮೀಟರ್ ಆಳಕ್ಕೆ ಹೋದರೆ ಸುಮಾರು 35 ಲಕ್ಷದಲ್ಲಿ ಒಂದು ಪಾಲು. ಗುಂಡಿ ತಿರುಗಿಸಿ ತುಂಬಿಕೊಳ್ಳಬಹುದಾದ ನಷ್ಟವಲ್ಲ ಇದು.

ಹಾಗಾಗಿ ಹವ್ಯಾಸಿಗಳು ಬಳಸುವ ಒಳ್ಳೆಯ ಯಂತ್ರಗಳಲ್ಲೂ ಒಂಟಿ ನಾಣ್ಯ ಸಿಗುವುದು ಸಾಮಾನ್ಯವಾಗಿ 15ರಿಂದ 25 ಸೆಂ.ಮೀ. ಒಳಗೆ. ಮಣ್ಣು ಅನುಕೂಲವಾಗಿದ್ದು, ನಾಣ್ಯ ದೊಡ್ಡದಾಗಿದ್ದರೆ 30 ಸೆಂ.ಮೀ. ಆಸುಪಾಸು. ತೊಗರಿ ಕಾಳಿನಂಥ ಕಂಠೀರಾಯಿ ಹಣ ಅದರಲ್ಲಿ ಅರ್ಧ ಆಳದಲ್ಲಿದ್ದರೂ ತಪ್ಪಿಹೋಗಬಹುದು. ತುಂಬಿದ ಕೊಡ, ದೊಡ್ಡ ಪೆಟ್ಟಿಗೆ ಇದ್ದರೆ ಇನ್ನೂ ಆಳದಿಂದ ಸುಳಿವು ಸಿಗುತ್ತದೆ ನಿಜ. ಆದರೆ ಹಳೆಯ ನೀರಿನ ಪೈಪು, ಮುಚ್ಚಿಹೋದ ತಗಡಿನ ಡಬ್ಬವೂ ಅಲ್ಲಿಂದಲೇ ಬೀಪ್ ಎನ್ನುತ್ತವೆ.

ಹಾಗಾದರೆ ಸೆಟ್ಟಿಂಗ್‌ಗಳು ಯಾಕೆ?

ಸೆನ್ಸಿಟಿವಿಟಿ ಎಂಬುದು ಹೆಚ್ಚು ಕಡಿಮೆ ವಾಲ್ಯೂಮ್ ಇದ್ದಂತೆ. ದೇವರಾಜ ಮಾರುಕಟ್ಟೆಯಲ್ಲಿ ಬೆಳಗಿನ ಗಲಾಟೆಯ ನಡುವೆ ಯಾರೋ ಪಿಸುಗುಟ್ಟುತ್ತಿದ್ದಾರೆ ಎಂದುಕೊಳ್ಳಿ. ಕಿವಿಗೆ ಮಷೀನು ಹಾಕಿಕೊಂಡು ಸದ್ದು ಏರಿಸಿದರೆ ಪಿಸುಮಾತಿನ ಜೊತೆಗೆ ಇಡೀ ಮಾರುಕಟ್ಟೆಯ ಕೂಗೂ ಏರುತ್ತದೆ. ಸೆನ್ಸಿಟಿವಿಟಿ ಪೂರ್ತಿ ಏರಿಸಿದಾಗ ಆಗುವುದೂ ಅದೇ. ಮೇಲೆ ಹಾದುಹೋದ ವಿದ್ಯುತ್ ತಂತಿ, ನಿಮ್ಮದೇ ಮೊಬೈಲು, ಮಣ್ಣಿನ ಕಬ್ಬಿಣದ ಅಂಶ ಎಲ್ಲವೂ ಕೂಗತೊಡಗುತ್ತವೆ. ಅನುಭವಿಗಳು ಯಂತ್ರ ಚಟಪಟ ಎನ್ನುವವರೆಗೆ ಏರಿಸಿ, ಅದು ಸುಮ್ಮನಾಗುವಷ್ಟು ಇಳಿಸುತ್ತಾರೆ. ನಗರದೊಳಗೆ ಕಡಿಮೆ ಸೆನ್ಸಿಟಿವಿಟಿಯಲ್ಲೇ ಹೆಚ್ಚು ಆಳ ಸಿಗುವುದುಂಟು.

ಮೈಸೂರಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ‘ಗ್ರೌಂಡ್ ಬ್ಯಾಲೆನ್ಸ್’. ವಿಡಿಯೋಗಳಲ್ಲಿ ಇದರ ಮಾತೇ ಕಡಿಮೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡುಗಳಿವೆ. ಮಣ್ಣಿಗೆ ಕೆಂಪು ಬಣ್ಣ ಕೊಡುವ ಹೆಮಟೈಟ್ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಅದರ ಜೊತೆ ಇರುವ ಮ್ಯಾಗ್ನೆಟೈಟ್, ಮ್ಯಾಗ್‌ಹೆಮೈಟ್ ಎಂಬ ಕಾಂತಗುಣದ ಖನಿಜಗಳು ಮಾತ್ರ ಡಿಟೆಕ್ಟರಿಗೆ ದೊಡ್ಡ ಲೋಹದ ಹಾಳೆಯಂತೆ ಕಾಣಬಲ್ಲವು. ಮೈಸೂರಿನ ಸಿಂಧುವಳ್ಳಿ ಕಡೆ ಕ್ರೋಮೈಟ್ ಅದಿರು ಸಿಗುವ ಬಂಡೆಗಳೇ ಇವೆ. ಸುಟ್ಟ ಇಟ್ಟಿಗೆ, ಹೆಂಚಿನ ಚೂರುಗಳೂ ಹೀಗೇ ಮೋಸ ಮಾಡುತ್ತವೆ, ಏಕೆಂದರೆ ಗೂಡಿನಲ್ಲಿ ಬೆಂದಾಗ ಜೇಡಿಮಣ್ಣಿನ ಕಬ್ಬಿಣಕ್ಕೆ ಕಾಂತಗುಣ ಬರುತ್ತದೆ. ಗ್ರೌಂಡ್ ಬ್ಯಾಲೆನ್ಸ್ ಎಂದರೆ ‘ಈ ಮಣ್ಣಿನ ಸದ್ದು ಇಷ್ಟು, ಇದನ್ನು ಕಳೆದು ಉಳಿದದ್ದನ್ನು ಹೇಳು’ ಎಂದು ಯಂತ್ರಕ್ಕೆ ತಿಳಿಸುವುದು. ಲೋಹವಿಲ್ಲದ ಜಾಗದಲ್ಲಿ ಕಾಯಿಲ್ ಅನ್ನು ಮೇಲೆ ಕೆಳಗೆ ಆಡಿಸಿ ಇದನ್ನು ಹೊಂದಿಸುತ್ತಾರೆ. ಹತ್ತಿಪ್ಪತ್ತು ಹೆಜ್ಜೆ ಹೋಗಿ ಮಣ್ಣು ಬದಲಾದರೆ ಮತ್ತೆ ಹೊಂದಿಸಬೇಕು. ಇಂಗ್ಲೆಂಡಿನ ಹೊಲದಲ್ಲಿ ತೆಗೆದ ವಿಡಿಯೋದ ಅಂಕಿಗಳನ್ನು ನಮ್ಮ ನೆಲಕ್ಕೆ ಹಾಗೇ ಇಳಿಸಿದರೆ ಕೆಲಸ ಮಾಡದಿರುವುದು ಇದಕ್ಕೇ.

ಡಿಸ್ಕ್ರಿಮಿನೇಷನ್ ಎಂದರೆ ಕಬ್ಬಿಣ, ಮೊಳೆ, ತಗಡಿನ ಸದ್ದನ್ನು ಅಡಗಿಸುವುದು. ಇದನ್ನು ಇಳಿಸಿ ಎನ್ನುವ ಸಲಹೆ ಸರಿ. ಆಳದ ನಾಣ್ಯದ ಸಂಕೇತ ಮಣ್ಣಿನ ಪ್ರಭಾವಕ್ಕೆ ಸಿಕ್ಕು ಎಷ್ಟೋ ಸಲ ಕಬ್ಬಿಣದಂತೆ ಕಾಣುತ್ತದೆ, ಯಂತ್ರ ಅದನ್ನೂ ಕಸವೆಂದು ಬಿಟ್ಟುಬಿಡುತ್ತದೆ. ಆದರೆ ಇಳಿಸಿದ ಮೇಲೆ ಮೊಳೆ, ಲಾಳ, ಸೋಡಾ ಬಾಟಲಿಯ ಮುಚ್ಚಳ, ಮಾತ್ರೆಯ ಹಾಳೆ ಎಲ್ಲದಕ್ಕೂ ಬೀಪ್ ಕೇಳಿಸಿಕೊಳ್ಳಲು ಸಿದ್ಧರಿರಬೇಕು. ಅಂದ ಹಾಗೆ, ನಮ್ಮ ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನವು. ಯಂತ್ರಕ್ಕೆ ಅವೂ ಕಬ್ಬಿಣದ ಚೂರುಗಳೇ.

ಇನ್ನು ಫ್ರೀಕ್ವೆನ್ಸಿ. ತಾಮ್ರ, ಬೆಳ್ಳಿಯ ದಪ್ಪ ನಾಣ್ಯಗಳಿಗೆ ಕಡಿಮೆ ಫ್ರೀಕ್ವೆನ್ಸಿ ಒಳ್ಳೆಯದು, ಪುಟ್ಟ ಚಿನ್ನದ ಬಿಲ್ಲೆಗಳಿಗೆ ಹೆಚ್ಚಿನದು. ಕಾಯಿಲ್ ದೊಡ್ಡದಾದರೆ ದೊಡ್ಡ ವಸ್ತು ಆಳದಲ್ಲಿ ಸಿಗುತ್ತದೆ, ಸಣ್ಣದು ಕೈತಪ್ಪುತ್ತದೆ. ಕಾಯಿಲ್ ಅನ್ನು ನೆಲಕ್ಕೆ ತಾಗುವಷ್ಟು ಹತ್ತಿರ ಹಿಡಿದು ನಿಧಾನಕ್ಕೆ ಆಡಿಸುವುದರಿಂದ ಸಿಗುವ ಲಾಭ ಎಷ್ಟೋ ಸಲ ಯಾವ ಗುಂಡಿ ತಿರುಗಿಸಿದರೂ ಸಿಗುವುದಿಲ್ಲ.

‘ಹಳೆಯದು ಅಂದರೆ ಆಳದ್ದು’ ಎಂಬುದು ನಿಜವೇ?

ಪೂರ್ತಿ ನಿಜವಲ್ಲ. ಯಾರೂ ಮುಟ್ಟದ ಮಣ್ಣಿನಲ್ಲಿ ಬಿದ್ದ ವಸ್ತು ನಿಧಾನವಾಗಿ ಕೆಳಗಿಳಿಯುತ್ತದೆ. ಎರೆಹುಳುಗಳು ಅಡಿಯ ಮಣ್ಣನ್ನು ಮೇಲೆ ತಂದು ಹಾಕುತ್ತಾ ಅದನ್ನು ಮುಚ್ಚುವುದನ್ನು ಚಾರ್ಲ್ಸ್ ಡಾರ್ವಿನ್ 1881ರ ತನ್ನ ಪುಸ್ತಕದಲ್ಲಿ ವಿವರಿಸಿದ್ದ. ಉಳುವ ಹೊಲದಲ್ಲಿ ನೇಗಿಲು ಮತ್ತೆ ಮೇಲೆ ತರುತ್ತದೆ. ನಗರದ ಕಥೆ ಬೇರೆ. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಬಂದ ಮೇಲೆ ಹಳೆಯ ಇಕ್ಕಟ್ಟಿನ ಕೇರಿಗಳನ್ನು ತೆರವು ಮಾಡಿ ಹೊಸ ಬಡಾವಣೆ, ಚರಂಡಿ, ರಸ್ತೆಗಳನ್ನು ಮಾಡಿದರು. ಇಂಥ ಕಡೆ ಮಣ್ಣು ಎಲ್ಲಿಂದಲೋ ಬಂದದ್ದಿರಬಹುದು. ಮೂರು ಅಡಿ ಕೆಳಗೆ ಪ್ಲಾಸ್ಟಿಕ್ಕೂ ಸಿಗಬಹುದು, ಮೇಲ್ಮಣ್ಣಿನಲ್ಲಿ ಹಳೆಯ ಕಾಸೂ ಸಿಗಬಹುದು.

ನಿಧಿ ತಾನಾಗಿ ಜಾಗ ಬದಲಿಸುತ್ತದೆ, ಹಳೆಯ ಚಿನ್ನ ‘ಕಿರಣ’ ಬಿಡುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ. ಚಿನ್ನ ನೂರಾರು ವರ್ಷ ಮಣ್ಣಿನಲ್ಲಿದ್ದರೂ ಹಾಗೇ ಇರುತ್ತದೆ, ಯಾವ ಕಿರಣವನ್ನೂ ಬಿಡುವುದಿಲ್ಲ.

ಮೊಬೈಲ್ ಆ್ಯಪ್ ಮತ್ತು ‘ಲಾಂಗ್ ರೇಂಜ್’ ಯಂತ್ರಗಳು

‘ಗೋಲ್ಡ್ ಡಿಟೆಕ್ಟರ್’ ಹೆಸರಿನ ಆ್ಯಪ್‌ಗಳು ಬಳಸುವುದು ನಿಮ್ಮ ಫೋನಿನಲ್ಲಿ ದಿಕ್ಸೂಚಿಗೆಂದು ಇಟ್ಟಿರುವ ಮ್ಯಾಗ್ನೆಟೋಮೀಟರನ್ನು. ಅದು ಕಾಂತಕ್ಷೇತ್ರವನ್ನು ಅಳೆಯುತ್ತದೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರವೇ ಸುಮಾರು 40 ಮೈಕ್ರೋಟೆಸ್ಲಾ ಇದೆ. ಚಿನ್ನ, ಬೆಳ್ಳಿ, ತಾಮ್ರ ಅಯಸ್ಕಾಂತಕ್ಕೆ ಅಂಟುವ ಲೋಹಗಳಲ್ಲ, ಆದ್ದರಿಂದ ಈ ಆ್ಯಪ್‌ಗೆ ಅವು ಕಾಣುವುದೇ ಇಲ್ಲ. ಮನೆಯಲ್ಲೇ ಪರೀಕ್ಷಿಸಿ: ಫೋನಿನ ಹತ್ತಿರ ಉಂಗುರ ತನ್ನಿ, ಅಂಕಿ ಬದಲಾಗುವುದಿಲ್ಲ. ದೋಸೆಯ ಕಬ್ಬಿಣದ ಕಾವಲಿ ತನ್ನಿ, ಅಂಕಿ ಕುಣಿಯುತ್ತದೆ.

ನೂರಾರು ಅಡಿ ದೂರದಿಂದಲೇ ಚಿನ್ನವನ್ನು ತೋರಿಸುವುದಾಗಿ ಹೇಳುವ, ತಿರುಗುವ ಆಂಟೆನಾ ಇರುವ ಯಂತ್ರಗಳು ಇನ್ನೂ ದುಬಾರಿ ಮೋಸ. ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ ಇಂಥದ್ದೇ ಆಂಟೆನಾ ಇರುವ ಎಡಿಇ 651 ಎಂಬ ‘ಬಾಂಬ್ ಡಿಟೆಕ್ಟರ್’ ಅನ್ನು ಇರಾಕ್‌ಗೆ ಮಾರಿದ್ದ. ಅದರೊಳಗೆ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ. 2013ರಲ್ಲಿ ಅವನಿಗೆ 10 ವರ್ಷ ಶಿಕ್ಷೆಯಾಯಿತು. ನಮ್ಮಲ್ಲಿ ‘ರೈಸ್ ಪುಲ್ಲಿಂಗ್’ ಚೊಂಬು ತೋರಿಸಿ ಹಣ ಕೀಳುವವರಿಗೂ ಇವರಿಗೂ ವೇಷ ಮಾತ್ರ ಬೇರೆ.

ಅಗೆದರೆ ಏನಾಗುತ್ತದೆ?

ವಿಡಿಯೋಗಳಲ್ಲಿ ಕಾಣುವ ಇಂಗ್ಲೆಂಡಿನ ಹವ್ಯಾಸಿಗಳು ಜಮೀನಿನವರ ಒಪ್ಪಿಗೆ ಪಡೆದು ಹುಡುಕುತ್ತಾರೆ. ಸಿಕ್ಕಿದ ನಿಧಿಯನ್ನು ವರದಿ ಮಾಡಲು ಅಲ್ಲಿ 1996ರ ಕಾಯ್ದೆಯಿದೆ. ನಮ್ಮಲ್ಲಿ ನೆಲದಲ್ಲಿ ಸಿಕ್ಕ ನಿಧಿಯ ವಿಷಯವನ್ನು ಅಧಿಕಾರಿಗಳಿಗೆ ತಿಳಿಸಲೇಬೇಕು. ಇದಕ್ಕೆ 1878ರ ಭಾರತೀಯ ನಿಧಿ ಕಾಯ್ದೆಯಿದೆ, ಕರ್ನಾಟಕದ್ದೇ ಆದ 1962ರ ಕಾಯ್ದೆಯೂ ಇದೆ. ಮುಚ್ಚಿಟ್ಟರೆ ಶಿಕ್ಷೆಯುಂಟು. ದರಿಯಾ ದೌಲತ್, ಸೋಮನಾಥಪುರದಂಥ ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ನೂರು ವರ್ಷಕ್ಕಿಂತ ಹಳೆಯ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ನಿಧಿಗಾಗಿ ಅಮಾನುಷ ವಾಮಾಚಾರ ನಡೆಸುವುದು 2017ರ ರಾಜ್ಯ ಕಾಯ್ದೆಯ ಪ್ರಕಾರ ಅಪರಾಧ.

ಕಾನೂನಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಉತ್ಖನನ ನಡೆಸಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲೇ ಮತ್ತೆ ಅಗೆದರು. ಅಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿದೆ. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅಂದರೆ ಅಂಥ ನಾಣ್ಯ ಕೂತಿದ್ದ ಪದರ ಕ್ರಿ.ಶ. 14ಕ್ಕಿಂತ ಹಳೆಯದಾಗಿರಲಾರದು. ಅದೇ ಪದರದಲ್ಲಿರುವ ಮಡಕೆ ಚೂರು, ಮಣಿ, ಇಟ್ಟಿಗೆಗಳ ಕಾಲವೂ ಇದರಿಂದ ಗೊತ್ತಾಗುತ್ತದೆ. ಯಾರೋ ರಾತ್ರೋರಾತ್ರಿ ಆ ನಾಣ್ಯ ಕಿತ್ತು ಮಾರಿದ್ದರೆ ಕೊಂಡವನ ಕೈಗೆ ಒಂದು ಬೆಳ್ಳಿ ಬಿಲ್ಲೆ ಸಿಗುತ್ತಿತ್ತು, ಇಷ್ಟು ಮಾಹಿತಿ ಯಾರಿಗೂ ಸಿಗುತ್ತಿರಲಿಲ್ಲ.

ನಿಧಿಯ ಆಸೆ ಮಣ್ಣಿಗಷ್ಟೇ ನಿಲ್ಲುವುದೂ ಇಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ಕೆಡವಿದರು.

ನಿಮಗೇ ಹಳೆಯ ನಾಣ್ಯ ಸಿಕ್ಕರೆ?

ಮನೆಯ ಪಾಯ ತೆಗೆಯುವಾಗ, ಬಾವಿ ಹೂಳೆತ್ತುವಾಗ ಅಕಸ್ಮಾತ್ತಾಗಿ ಸಿಗುವುದುಂಟು. ಅಗೆತ ಅಲ್ಲೇ ನಿಲ್ಲಿಸಿ. ಸಿಕ್ಕ ಜಾಗದಲ್ಲೇ ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಅಳತೆ ತಿಳಿಯುತ್ತದೆ. ಎಷ್ಟು ಆಳದಲ್ಲಿತ್ತು ಎಂದು ಬರೆದಿಡಿ. ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿ ಕಚೇರಿಗೆ, ಇಲ್ಲವೇ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ.

ತಾಮ್ರದ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಮೇಲಿನ ಹಸಿರು ಪದರದ ಜೊತೆ ಅಕ್ಷರಗಳೂ ಸವೆದುಹೋಗುತ್ತವೆ, ಅಮೇಲೆ ಅದು ಯಾವ ದೊರೆಯದು ಎಂದು ಓದುವುದೂ ಕಷ್ಟ. ಅಧಿಕಾರಿಗಳು ಬರುವ ಮುಂಚೆ ಫೋಟೊ ಮತ್ತು ಲೊಕೇಷನ್ ಅನ್ನು ಗ್ರೂಪಿಗೆ ಹಾಕಬೇಡಿ, ರಾತ್ರಿಯೊಳಗೆ ಅಲ್ಲಿ ಗುದ್ದಲಿಗಳು ಬಂದಿರುತ್ತವೆ.