ಬಿಲ್ಲಿನಲ್ಲಿ ಹೆಸರಿಲ್ಲದ ಸಾಮಾನು

ಈ ಸಲದ ಸಂಚಿಕೆಗೆ ಒಂದು ಬಿಲ್ಲನ್ನು ಕುರಿತು ಬರೆಯುವವನಿದ್ದೇನೆಂದು ಹೇಳಿದಾಗ ಗೆಳೆಯರು ನಕ್ಕರು. ಗೋಕಾಕದವನಾದವನು ಜಲಪಾತವನ್ನು ಕುರಿತು ಬರೆಯಬೇಕು, ಇಲ್ಲವೆ ಕರದಂಟನ್ನು ಕುರಿತು. ಬಿಲ್ಲಿನಲ್ಲಿ ಬರೆಯತಕ್ಕದ್ದೇನಿದೆ ಎಂದು ಅವರ ಪ್ರಶ್ನೆ. ಪ್ರಶ್ನೆ ಸಹಜವಾದುದೇ. ಆದರೆ 1,850 ರೂಪಾಯಿಗಳ ಆ ಒಂದು ಚೀಟಿ ಕಳೆದ ಆರು ತಿಂಗಳಿನಿಂದ ನನ್ನ ತಲೆಯನ್ನು ತಿಂದಷ್ಟು ಯಾವ ಪಠ್ಯಪುಸ್ತಕವೂ ತಿಂದಿಲ್ಲ.

ಮೂಡಲಗಿಯ ಕಡೆಗಿನ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವನ ಮಗನಿದ್ದಾನೆ. ವಯಸ್ಸು ಹತ್ತೊಂಬತ್ತು. ಹುಟ್ಟುವಾಗ ಮೆದುಳಿಗೆ ತಗಲಿದ ಪೆಟ್ಟಿನಿಂದ ಅವನ ಕೈಕಾಲುಗಳೂ ನಾಲಗೆಯೂ ಅವನ ಅಂಕೆಯಲ್ಲಿಲ್ಲ. ಬುದ್ಧಿ ಮಾತ್ರ ಬಲು ಚುರುಕು. ನಾವು ಕೇರಂ ಆಡುವಾಗ ಪಕ್ಕದಲ್ಲಿ ಕುಳಿತು, ಮೋಸ ಮಾಡಿದವರಾರೆಂದು ಕಣ್ಣಿನಿಂದಲೇ ತೋರಿಸಿಕೊಡುವವನು. (ಬಹುಶಃ ನನ್ನ ಕಡೆಗೇ ಹೆಚ್ಚು ಸಲ ತೋರಿಸಿದ್ದಾನೆ.) ಎರಡು ವರ್ಷಗಳ ಹಿಂದೆ ಅವನಿಗೊಂದು ವಿದ್ಯುತ್ ಗಾಲಿಕುರ್ಚಿ ದೊರೆಯಿತು. ಬಲಗೈಯ ಹತ್ತಿರದ ಪುಟ್ಟ ಹಿಡಿಕೆಯನ್ನು ತಳ್ಳಿದರೆ ಕುರ್ಚಿ ನಡೆಯುತ್ತದೆ. ಮುಂದೆ ವಾಕ್ ಚಿಕಿತ್ಸಕಿಯೊಬ್ಬರು ಅವನಿಗೆ ಟ್ಯಾಬ್ಲೆಟ್ಟಿನಲ್ಲಿ ಮಾತಾಡುವುದನ್ನು ಕಲಿಸಿದರು. ಪರದೆಯ ಮೇಲೆ ಚಿತ್ರಗಳಿರುತ್ತವೆ. ಹೆಬ್ಬೆರಳಿನ ಗೆಣ್ಣಿನಿಂದ ಮುಟ್ಟಿದ ಚಿತ್ರದ ಹೆಸರನ್ನು ಯಂತ್ರ ಗಟ್ಟಿಯಾಗಿ ನುಡಿಯುತ್ತದೆ.

ಹೀಗೆ ಕಾಲು ಬಂದವು, ದನಿಯೂ ಬಂದಿತು. ಆದರೆ ಇವೆರಡೂ ಒಂದು ಕಡೆ ಕೂಡಲಿಲ್ಲ. ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟರೆ ಜಾರಿ ಬೀಳುತ್ತಿತ್ತು. ಆದುದರಿಂದ ಅತ್ತೆಯೇ ಅದನ್ನು ಅವನ ಮುಂದೆ ಹಿಡಿದು ನಿಲ್ಲಬೇಕು. ಅತ್ತೆ ಅಡಿಗೆಮನೆಗೆ ಹೋದರೆ ಅವನ ಮಾತೂ ಅಡಿಗೆಮನೆಗೆ ಹೋದಂತೆಯೇ.

ಮಾವ ಗೋಕಾಕದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಕುರ್ಚಿಗೆ ಒಂದು ಕಬ್ಬಿಣದ ತೋಳು ಮಾಡಿಸಿದರು. ಮೊದಲನೆಯ ತೋಳು ಅಲುಗದಂತೆ ಬಿಗಿದದ್ದು. ಹುಡುಗನನ್ನು ಕುರ್ಚಿಯಿಂದ ಮಂಚಕ್ಕೆ ಎತ್ತಬೇಕಾದಾಗ ಅದು ಎದೆಗೆ ಅಡ್ಡ ಬಂದಿತು. ಅದನ್ನು ಕೊಯ್ದು, ಬಾಗಿಲಿನಂತೆ ಪಕ್ಕಕ್ಕೆ ಸರಿಯಲೆಂದು ತಿರುಗಣಿ ಕೂಡಿಸಿದರು. ಆಮೇಲೆ ಎತ್ತರ ತಪ್ಪಿತು. ಕುತ್ತಿಗೆ ಬಾಗಿಸಿ ನೋಡಿ ನೋಡಿ ಸಂಜೆಯ ಹೊತ್ತಿಗೆ ಅವನಿಗೆ ನೋವು. ಚಿಕಿತ್ಸಕಿಯವರು ಕಣ್ಣಿನ ಮಟ್ಟ, ಕೈ ನಿಲುಕುವ ದೂರ ಎರಡನ್ನೂ ಅಳೆದು ಬರೆದುಕೊಟ್ಟ ಮೇಲೆ ಅದು ಸರಿಹೋಯಿತು. ನಮ್ಮೂರ ರಸ್ತೆಯ ಕುಲುಕಾಟಕ್ಕೆ ನಟ್ಟುಗಳು ಸಡಿಲಾಗುತ್ತಿದ್ದವು, ಅದಕ್ಕೊಂದು ಉಪಾಯ. ಕುರ್ಚಿಯ ಬ್ಯಾಟರಿಗಳು 24 ವೋಲ್ಟಿನವು, ಟ್ಯಾಬ್ಲೆಟ್ಟಿಗೆ ಬೇಕಾದದ್ದು 5 ವೋಲ್ಟು. ನಡುವೆ ಒಂದು ಸಣ್ಣ ಪೆಟ್ಟಿಗೆ. ಇದು ಕಿಡಕಿಯ ಸರಳಿನಂಥ ಸಾಮಾನಲ್ಲವೆಂದು ವಾಚಕರಿಗೆ ತಿಳಿಯಲೆಂದೇ ಇಷ್ಟು ಹೇಳಿದೆ.

ತೋಳು ಕೂಡಿಸಿದ ಮೂರನೆಯ ದಿನ ಅತ್ತೆ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದರು. ಇವನು ಕುರ್ಚಿಯನ್ನು ಹಿತ್ತಲ ಬಾಗಿಲ ತನಕ ನಡೆಸಿಕೊಂಡು ಬಂದು, ಎರಡು ಚಿತ್ರಗಳನ್ನು ಮುಟ್ಟಿದನು. "ಅವ್ವ. ಹಾಲು." ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅರ್ಧ ಹಾಲು ಉಳಿಯಿತು.

ಇನ್ನು ಬಿಲ್ಲಿನ ಮಾತು. ಇಂಥ ಸಲಕರಣೆಯ ವೆಚ್ಚವನ್ನು ತುಂಬಿಕೊಡುವುದಾಗಿ ಒಂದು ಧರ್ಮಸಂಸ್ಥೆಯವರು ಒಪ್ಪಿದ್ದರು. ವೆಲ್ಡಿಂಗ್ ಅಂಗಡಿಯವನು ಪೆನ್ನು ಹಿಡಿದು, "ಇದರ ಹೆಸರ ಏನಂತ ಬರೀಲಿ ತಮ್ಮಾ?" ಎಂದು ಕೇಳಿದನು. ನನಗೆ ಹೊಳೆಯಲಿಲ್ಲ. ಅವನೇ "ಕಬ್ಬಿಣದ ಕೆಲಸ, 1" ಎಂದು ಬರೆದುಕೊಟ್ಟನು. ಹದಿನೈದು ದಿನಗಳಲ್ಲಿ ಬಿಲ್ಲು ತಿರುಗಿ ಬಂದಿತು. ವಿಚಾರಿಸಲು ಹೋದಾಗ ಗುಮಾಸ್ತರು, "ಇದು ದವಾಖಾನಿ ಸಾಮಾನ ಅಲ್ರೀ. ಗಾಲಿಕುರ್ಚಿ ಅಂತ ಒಂದು ಕಲಮು ಐತಿ, ಮಾತಿನ ಸಾಧನ ಅಂತ ಒಂದು ಐತಿ. ಇದು ಎರಡರಾಗೂ ಕೂಡ್ರೂದಿಲ್ಲ" ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಅವರು ಎಲ್ಲಿಂದ ತಂದಾರು?

ಅಮೇರಿಕೆಯ ವೃದ್ಧರಿಗೂ ಅಂಗವಿಕಲರಿಗೂ ಇರುವ ಮೆಡಿಕೇರ್ ಎಂಬ ಸರಕಾರೀ ವಿಮೆಯಲ್ಲಿ ಪ್ರತಿಯೊಂದು ಸಲಕರಣೆಗೂ ಒಂದು ಅಂಕಿಯುಂಟು. ಮಾತಿನ ಯಂತ್ರವನ್ನು ಎತ್ತಿಹಿಡಿಯುವ ಜೋಡಣೆಗೆ ಇ 2512. ಕುರ್ಚಿಯನ್ನು ನಡೆಸುವ ಹಿಡಿಕೆಯಿಂದಲೇ ಮಾತಿನ ಯಂತ್ರವನ್ನೂ ನಡೆಸಲು ಎರಡರ ನಡುವೆ ಕೂಡಿಸುವ ಭಾಗಕ್ಕೆ ಇ 2351. ಅಲ್ಲಿಯೂ ಎಲ್ಲವೂ ಸುಖವಲ್ಲ. ಮಾತಿನ ಯಂತ್ರಕ್ಕೆ ಮೆಡಿಕೇರ್ ಹಣ ಕೊಡತೊಡಗಿದ್ದೇ 2001ರಿಂದ. ಅದರಲ್ಲಿಯೂ ಐದನೆಯ ಒಂದು ಪಾಲು ರೋಗಿಯದೇ. ನಡುವೆ ಕೆಲಕಾಲ ಈ ಯಂತ್ರಗಳನ್ನು ಬಾಡಿಗೆಯ ಲೆಕ್ಕಕ್ಕೆ ಸೇರಿಸಿದ್ದರಿಂದ, ರೋಗಿ ಆಸ್ಪತ್ರೆ ಸೇರಿದರೆ ಬಾಡಿಗೆ ನಿಂತು ಅವನ ದನಿಗೇ ಸಂಚಕಾರ ಬರುವಂತಾಯಿತು. ನರರೋಗದಿಂದ ಮಾತು ಕಳೆದುಕೊಂಡ ಫುಟ್‌ಬಾಲ್ ಆಟಗಾರ ಸ್ಟೀವ್ ಗ್ಲೀಸನ್ ಅವರ ಹೆಸರಿನಲ್ಲಿ 2015ರಲ್ಲಿ ಒಂದು ಕಾಯಿದೆಯನ್ನೇ ಮಾಡಿ ಅದನ್ನು ತಿದ್ದಬೇಕಾಯಿತು. ಆದರೂ ಒಂದು ಮಾತು ನಿಜ: ಅಲ್ಲಿ ಜಗಳಾಡಲಿಕ್ಕಾದರೂ ಸಾಮಾನಿಗೊಂದು ಹೆಸರಿದೆ.

ಸ್ಟೀಫನ್ ಹಾಕಿಂಗ್ ಅವರ ಚಿತ್ರವನ್ನು ನಾವೆಲ್ಲರೂ ಕಂಡವರು. 1985ರಲ್ಲಿ ಗಂಟಲಿನ ಶಸ್ತ್ರಕ್ರಿಯೆಯಿಂದ ಅವರ ದನಿ ಹೋಯಿತು. ಮಾತಾಡುವ ಗಣಕಯಂತ್ರ ದೊರೆತ ಮೇಲೆ ಡೇವಿಡ್ ಮೇಸನ್ ಎಂಬ ಇಂಜಿನಿಯರು ಅದನ್ನು ಅವರ ಗಾಲಿಕುರ್ಚಿಗೆ ಕೂಡಿಸಿಕೊಟ್ಟರು. ಜಗತ್ತು ಹಾಕಿಂಗರ ಬುದ್ಧಿಯನ್ನು ಕೊಂಡಾಡಿತು, ಯಂತ್ರವನ್ನೂ ಕೊಂಡಾಡಿತು. ಕೂಡಿಸಿಕೊಟ್ಟವನ ಹೆಸರನ್ನು ನಮ್ಮ ವಿಜ್ಞಾನದ ಮಿತ್ರರಲ್ಲಿ ಎಷ್ಟು ಜನ ಬಲ್ಲರು?

ನಮ್ಮ ದೇಶದ ಲೆಕ್ಕವನ್ನು ನೋಡೋಣ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಗಾಲಿಕುರ್ಚಿಗೆ ಶೇಕಡಾ 5 ತೆರಿಗೆ. ಅದರ ಬಿಡಿಭಾಗಗಳಿಗೂ ಜೋಡಣೆಗಳಿಗೂ ಶೇಕಡಾ 28! 2018ರ ಡಿಸೆಂಬರ್ 22ರಂದು ಸೇರಿದ ಮಂಡಳಿ ಇದನ್ನೂ 5ಕ್ಕೆ ಇಳಿಸಿತು. ತೆರಿಗೆ ಹಾಕುವವರಿಗೆ ತಿಳಿದ ಮೇಲೆ ಹಣ ಕೊಡುವವರಿಗೂ ತಿಳಿಯಬೇಡವೇ?

ಅಂಗವಿಕಲರಿಗೆ ಸಲಕರಣೆ ಕೊಡುವ ಕೇಂದ್ರ ಸರಕಾರದ ಅಡಿಪ್ ಯೋಜನೆ 1981ರಷ್ಟು ಹಳೆಯದು. 2014ರಲ್ಲಿ ತಿದ್ದಿದ ಅದರ ನಿಯಮದಂತೆ, ಹದಿನಾರು ತುಂಬಿದ ತೀವ್ರ ಅಂಗವಿಕಲರಿಗೆ ಮೋಟಾರು ಕುರ್ಚಿಗಾಗಿ 25,000 ರೂಪಾಯಿಗಳ ನೆರವಿತ್ತು. ಒಳ್ಳೆಯದೇ. ಆದರೆ ಅದೇ ನಿಯಮದಲ್ಲಿ, ತೀವ್ರವಾದ ಮಾನಸಿಕ ನ್ಯೂನತೆಯುಳ್ಳವರಿಗೆ ಅಪಾಯವಾದೀತೆಂದು ಮೋಟಾರು ಕುರ್ಚಿಯನ್ನು ಕೊಡಕೂಡದೆಂದಿತ್ತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಬಾಯಿ ಬಾರದವನನ್ನು ಬುದ್ಧಿ ಇಲ್ಲದವನೆಂದು ಬರೆದುಬಿಡುವುದು ಎಷ್ಟು ಸುಲಭ! ನನ್ನ ಮಾವನ ಮಗನನ್ನು ಊರಿನ ಜನ ಹದಿನೇಳು ವರ್ಷ ಹಾಗೆಯೇ ತಿಳಿದಿದ್ದರು. ತನಗೆ ಬುದ್ಧಿಯಿದೆಯೆಂದು ಹೇಳಲು ಅವನಿಗೆ ಮೊದಲು ದನಿ ಬೇಕು. ಅಂದರೆ ಕುರ್ಚಿಯ ಅರ್ಜಿಗೆ ಸಹ ಮಾತೇ ಆಧಾರ. ಕುರ್ಚಿಯ ಕಡತ ಒಂದು ಕಪಾಟಿನಲ್ಲಿ, ಮಾತಿನ ಕಡತ ಇನ್ನೊಂದರಲ್ಲಿ ಇರುವತನಕ ಈ ಗಂಟು ಬಿಡಿಸುವವರಾರು?

2016ರ ಅಂಗವಿಕಲರ ಹಕ್ಕುಗಳ ಕಾಯಿದೆ "ಸಂವಹನ" ಎಂಬ ಶಬ್ದದೊಳಗೆ ಮಾತಿಗೆ ಬದಲಾಗಿ ಬಳಸುವ ಬಗೆಬಗೆಯ ವಿಧಾನಗಳನ್ನೂ ಸೇರಿಸಿದೆ. ಕಾಯಿದೆ ಒಪ್ಪಿದ್ದನ್ನು ಅರ್ಜಿಯ ಕಾಗದ ಇನ್ನೂ ಒಪ್ಪಬೇಕಾಗಿದೆ.

ನನ್ನ ಮಿತ್ರನೊಬ್ಬ ಆಕ್ಷೇಪವೆತ್ತಿದನು: "ಸಾದಾ ಗಾಲಿಕುರ್ಚಿಯೇ ಇಲ್ಲದವರು ಎಷ್ಟೋ ಜನರಿರುವಾಗ ನೀನು ಅದರ ತೋಳಿಗಾಗಿ ಅಳುತ್ತೀಯಲ್ಲ?" ಈ ಮಾತಿನಲ್ಲಿ ತೂಕವಿದೆ, ಅಲ್ಲಗಳೆಯಲಾರೆ. ಆದರೆ ಸಾವಿರಾರು ರೂಪಾಯಿಗಳ ಕುರ್ಚಿಯನ್ನೂ ಸಾವಿರಾರು ರೂಪಾಯಿಗಳ ಟ್ಯಾಬ್ಲೆಟ್ಟನ್ನೂ ಕೊಟ್ಟು, ನಡುವಿನ 1,850 ರೂಪಾಯಿಗಳನ್ನು ತಡೆಹಿಡಿಯುವುದು ಉಳಿತಾಯವೆಂದು ಯಾವ ಅರ್ಥಶಾಸ್ತ್ರ ಹೇಳುತ್ತದೆ? ಕಳ್ಳ ಬಿಲ್ಲುಗಳು ಬಂದಾವೆಂಬ ಭಯವಿದ್ದರೆ ಚಿಕಿತ್ಸಕರ ಅಳತೆಯ ಪತ್ರವನ್ನು ಕೇಳಲಿ; ಕುರ್ಚಿಗೆ ಕೂಡಿಸಿದ ಫೋಟೋ ಕೇಳಲಿ. ಬೇಡವೆಂದವರಾರು?

ವಾಣಿಜ್ಯ ವಿಭಾಗದ ನಮ್ಮ ಗುರುಗಳೊಬ್ಬರಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವರು ಚೀಟಿಯನ್ನು ತಿರುಗಿಸಿ ನೋಡಿ, "ತಪ್ಪು ಅರ್ಧ ನಿಮ್ಮದೂ ಇದೆ. ಕಬ್ಬಿಣದ ಕೆಲಸವೆಂದು ಬರೆಯಿಸಿದರೆ ಯಾರು ಕೊಡುತ್ತಾರೆ?" ಎಂದರು. ಅವರೇ ಕೂತು ಒಂದು ಒಕ್ಕಣೆ ಮಾಡಿಕೊಟ್ಟರು: "ವಿದ್ಯುತ್ ಗಾಲಿಕುರ್ಚಿಗೆ ಸಂವಹನ ಸಾಧನವನ್ನು ಜೋಡಿಸುವ, ಪಕ್ಕಕ್ಕೆ ಸರಿಯುವ ತೋಳು, ಚಿಕಿತ್ಸಕರ ಅಳತೆಯಂತೆ." ವೆಲ್ಡಿಂಗ್ ಅಂಗಡಿಯವನು ಅದನ್ನು ಎರಡು ಸಲ ಓದಿಸಿಕೊಂಡು, "ಇಷ್ಟ ದೊಡ್ಡ ಕೆಲಸಾ ಮಾಡೀನೇನ ನಾ?" ಎಂದು ನಕ್ಕು ಹೊಸ ಬಿಲ್ಲು ಬರೆದನು. ಹೋದ ಸೋಮವಾರ ಅದನ್ನು ಅಳತೆಯ ಪತ್ರದೊಡನೆ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.