ಫಾರ್ಮ್ಯಾಟ್ ಮಾಡಿದರೆ ವೈರಸ್ ಹೋಗುತ್ತದೆ, ನಮ್ಮ ಕನ್ನಡವೂ ಹೋಗುತ್ತದೆ

ಕಾಸರಗೋಡಿನ ಕನ್ನಡ ಮಾಧ್ಯಮ ಅಧ್ಯಾಪಕರ ಮನೆಯ ಕಂಪ್ಯೂಟರ್ ತೆರೆದು ನೋಡಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು, ಹಿಂದುಳಿದ ಮಕ್ಕಳಿಗೆಂದು ಮಾಡಿದ ಟಿಪ್ಪಣಿಗಳು, ವಾರ್ಷಿಕೋತ್ಸವಕ್ಕೆ ಬರೆದ ನಾಟಕ, ಕನ್ನಡ ಬಲ್ಲ ಅಧ್ಯಾಪಕರನ್ನೇ ನೇಮಿಸಿ ಎಂದು ಕೊಟ್ಟ ಮನವಿಯ ಪ್ರತಿ, ಮಕ್ಕಳ ಕೈಬರಹ ಪತ್ರಿಕೆಯ ಬರಹಗಳು... ಎಲ್ಲವೂ ಅಲ್ಲೇ. ಮಲಯಾಳ ಮಾಧ್ಯಮದವರು ಇಂಥದ್ದನ್ನು ಕಳೆದುಕೊಂಡರೆ ಪಕ್ಕದ ಶಾಲೆಯಲ್ಲಿ ಕೇಳಬಹುದು, ಅಂತರ್ಜಾಲದಲ್ಲಿ ಹುಡುಕಬಹುದು. ನಾವು ಕಳೆದುಕೊಂಡರೆ ಇನ್ನೊಂದು ಪ್ರತಿ ಎಲ್ಲಿದೆ? ಆದ್ದರಿಂದ ಮನೆಯ ಕಂಪ್ಯೂಟರಿಗೆ ವೈರಸ್ ಬರುವುದು ನಮ್ಮ ಮಟ್ಟಿಗೆ ಬರೀ ಯಂತ್ರದ ಕಾಯಿಲೆಯಲ್ಲ, ಶಾಲೆಯ ಪ್ರಶ್ನೆ ಎಂಬುದು ನಮ್ಮ ಅಭಿಪ್ರಾಯ.

ಇದನ್ನು ನಾವು ಕಲಿತದ್ದು ಪೆಟ್ಟು ತಿಂದ ಮೇಲೆ. ಕೆಲವು ವರ್ಷಗಳ ಹಿಂದಿನ ಮಾತು. ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಯಲು ಪೇಟೆಯ ಅಂಗಡಿಯೊಂದಕ್ಕೆ ಪೆನ್ ಡ್ರೈವ್ ಕೊಟ್ಟಿದ್ದೆವು. ಮನೆಗೆ ತಂದು ಹಾಕಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದವು, ಒಂದೊಂದರ ಮೂಲೆಯಲ್ಲೂ ಸಣ್ಣ ಬಾಣದ ಗುರುತು. ಏನಿದು ಎಂದು ಕ್ಲಿಕ್ ಮಾಡಿದೆವು. ಮಾಡಬಾರದಾಗಿತ್ತು! ಕಂಪ್ಯೂಟರಿಗೂ ಹತ್ತಿಕೊಂಡಿತು. ಗಾಬರಿಯಲ್ಲಿ ರಿಪೇರಿಯವರ ಬಳಿಗೆ ಓಡಿದೆವು. "ಮಾಸ್ಟ್ರೇ, ಇದು ಫುಲ್ ವೈರಸ್. ಫಾರ್ಮ್ಯಾಟ್ ಮಾಡದೆ ಆಗುವುದಿಲ್ಲ" ಎಂದರು. ತಲೆಯಾಡಿಸಿದೆವು. ಒಳಗೆ ಏನಿದೆ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಸಂಜೆಗೆ ಕಂಪ್ಯೂಟರ್ ಹೊಸದರಂತಾಗಿ ಬಂತು, ಪೆನ್ ಡ್ರೈವ್ ಕೂಡ. ಅದರಲ್ಲಿದ್ದ ಆರು ವರ್ಷಗಳ ಮಕ್ಕಳ ಕವಿತೆ, ಕಥೆ, ಅಜ್ಜಿಯರಿಂದ ಕೇಳಿ ಬರೆದು ತಂದ ಗಾದೆಗಳು ಮಾತ್ರ ಇರಲಿಲ್ಲ.

ಹೊಟ್ಟೆ ಉರಿದದ್ದು ಆಮೇಲೆ. ಅಂಥ ವೈರಸ್ ಸಾಮಾನ್ಯವಾಗಿ ಕಡತಗಳನ್ನು ಅಳಿಸುವುದೇ ಇಲ್ಲ! ನಿಜವಾದ ಫೋಲ್ಡರನ್ನು ಕಣ್ಣಿಗೆ ಬೀಳದಂತೆ ಅಡಗಿಸಿ, ಅದೇ ಹೆಸರಿನ ಸುಳ್ಳು ಶಾರ್ಟ್‌ಕಟ್ ಮುಂದಿಡುತ್ತದೆ, ಅಷ್ಟೆ. ಅದನ್ನು ಒತ್ತಿದಾಗ ವೈರಸ್ ಓಡುತ್ತದೆ. ನಮ್ಮ ಮಕ್ಕಳ ಕವಿತೆಗಳು ಆ ದಿನವೂ ಪೆನ್ ಡ್ರೈವಿನೊಳಗೇ ಇದ್ದವು. ಅವನ್ನು ಅಳಿಸಿದ್ದು ವೈರಸ್ಸಲ್ಲ, ಫಾರ್ಮ್ಯಾಟ್. ಮತ್ತು ಬೇರೆ ಪ್ರತಿ ಇಟ್ಟುಕೊಳ್ಳದ ನಮ್ಮ ಸೋಮಾರಿತನ.

ಇನ್ನೂ ತಮಾಷೆಯೆಂದರೆ, ಮದ್ದು ನಮ್ಮ ಶಾಲೆಯಲ್ಲೇ ಇತ್ತು. ಕೇರಳದ ಶಾಲೆಗಳಿಗೆ ಕಂಪ್ಯೂಟರ್ ಕಲಿಕೆಯನ್ನು ತಂದದ್ದು 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ. ಅದೇ 2017ರಲ್ಲಿ ಕೈಟ್ ಸಂಸ್ಥೆಯಾಯಿತು. ಶಾಲೆಗಳಿಗೆ ಅವರು ಕೊಡುವುದು ಉಬುಂಟು ಆಧಾರಿತ ಲಿನಕ್ಸ್. ವಿಂಡೋಸಿಗಾಗಿ ಬರೆದ ವೈರಸ್ ಸಾಮಾನ್ಯವಾಗಿ ಅದರಲ್ಲಿ ಓಡುವುದಿಲ್ಲ. ವಿಂಡೋಸಿನಲ್ಲಿ ಅಡಗಿಸಿಟ್ಟ ಫೋಲ್ಡರ್ ಅಲ್ಲಿ ಸಲೀಸಾಗಿ ಕಣ್ಣಿಗೆ ಕಾಣುತ್ತದೆ. ಪೆನ್ ಡ್ರೈವನ್ನು ಶಾಲೆಯ ಕಂಪ್ಯೂಟರಿಗೆ ಹಾಕಿ, ನಮ್ಮ ಕಡತಗಳನ್ನು ಬೇರೆಡೆಗೆ ನಕಲು ಮಾಡಿ, ಆ ಸುಳ್ಳು ಶಾರ್ಟ್‌ಕಟ್‌ಗಳನ್ನೂ ವೈರಸ್ಸಿನ ಕಡತವನ್ನೂ ಅಳಿಸಿದ್ದರೆ ಮುಗಿಯುತ್ತಿತ್ತು. ಒಂದು ಎಚ್ಚರಿಕೆ: ಲಿನಕ್ಸಿಗೆ ಕಾಯಿಲೆ ಬರದಿದ್ದರೂ ಪೆನ್ ಡ್ರೈವಿನೊಳಗಿನ ವೈರಸ್ ತಾನಾಗಿ ಸಾಯುವುದಿಲ್ಲ. ಅಳಿಸದಿದ್ದರೆ ಶಾಲೆಯಿಂದ ಮನೆಗೆ ಹಾಗೆಯೇ ಪ್ರಯಾಣ ಮಾಡುತ್ತದೆ.

ಹಾಗಾದರೆ ಮನೆಯ ವಿಂಡೋಸ್ ಕಂಪ್ಯೂಟರಿಗೆ ವೈರಸ್ ಬಂದರೆ ಏನು ಮಾಡಬೇಕು? ಮೊದಲು ಇಂಟರ್ನೆಟ್ ಸಂಪರ್ಕ ತೆಗೆಯಿರಿ. ಇನ್ನೊಂದು ಪೆನ್ ಡ್ರೈವ್ ಹಾಕಬೇಡಿ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಜೊತೆಯಲ್ಲೇ ಬರುತ್ತದೆ, ಬೇರೆ ದುಡ್ಡು ಕೊಡಬೇಕಿಲ್ಲ. ವಿಂಡೋಸ್ ಸೆಕ್ಯುರಿಟಿ ತೆರೆದು ಅದರಲ್ಲಿ ಫುಲ್ ಸ್ಕ್ಯಾನ್ ಕೊಡಿ. ಮತ್ತೆಯೂ ತೊಂದರೆ ಕಂಡರೆ ಅಲ್ಲೇ ಇರುವ ಆಫ್‌ಲೈನ್ ಸ್ಕ್ಯಾನ್ ಆರಿಸಿ. ತೆರೆದಿರುವ ಕೆಲಸವನ್ನು ಮೊದಲು ಸೇವ್ ಮಾಡಿಕೊಳ್ಳಿ, ಏಕೆಂದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕಾಟ ನಡೆಯುತ್ತದೆ. ಸುಮಾರು 15 ನಿಮಿಷದ ಕೆಲಸ. ಅವಧಿ ಮುಗಿದ ಬೇರೆ ಆಂಟಿವೈರಸ್ ಇದ್ದರೆ ತೆಗೆದುಹಾಕಿ. ಎರಡೆರಡು ಕಾವಲುಗಾರರನ್ನು ಇಟ್ಟರೆ ಅವರವರೇ ಜಗಳಾಡುತ್ತಾರೆ. ಭಾರತ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಉಚಿತ ಸಾಧನಗಳನ್ನು ಕೊಡುತ್ತಿದೆ. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೊಂದು ಸ್ವಚ್ಛ ಸಾಧನದಿಂದ ಬದಲಿಸಿ. ಫಾರ್ಮ್ಯಾಟ್ ಎಂಬುದು ಕೊನೆಯ ಮದ್ದು. ಅದಕ್ಕೆ ಒಪ್ಪುವ ಮೊದಲು "ನಮ್ಮ ಕಡತಗಳನ್ನು ತೆಗೆದಿಟ್ಟಿದ್ದೀರಾ?" ಎಂದು ಕೇಳಲು ನಾಚಿಕೆಪಡಬೇಡಿ.

"ನಮ್ಮ ಕಂಪ್ಯೂಟರಿನಲ್ಲಿ ಕದಿಯಲು ಏನಿದೆ ಮಹಾ?" ಎನ್ನುವವರಿದ್ದಾರೆ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಕದಿಯಲು ಬಂದದ್ದಲ್ಲ. ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ನಮ್ಮದೇ ರಾಜ್ಯದಲ್ಲಿ ವಯನಾಡಿನ ತರಿಯೋಡು ಪಂಚಾಯತು ಕಚೇರಿಯ ಕಂಪ್ಯೂಟರುಗಳಿಗೂ ಬಂತು. ಹಳ್ಳಿ, ಪೇಟೆ ಎಂದು ಅದು ನೋಡಲಿಲ್ಲ. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ಕೊಟ್ಟಿತ್ತು. ಎರಡು ತಿಂಗಳು ಸಮಯವಿತ್ತು! "ಅಪ್‌ಡೇಟ್ ಬಂದರೆ ನೆಟ್ ಖಾಲಿಯಾಗುತ್ತದೆ" ಎಂದು ಅದನ್ನು ನಿಲ್ಲಿಸಿಟ್ಟವರು ಇದನ್ನು ನೆನಪಿಡಬೇಕು. ಮಕ್ಕಳ ವಿವರವಿರುವ 'ಸಂಪೂರ್ಣ' ಜಾಲತಾಣವನ್ನು ಮನೆಯಿಂದಲೇ ತೆರೆಯುವ ಅಧ್ಯಾಪಕರಂತೂ ಕದಿಯಲು ಏನಿದೆ ಎಂದು ಹೇಳುವಂತೆಯೇ ಇಲ್ಲ. ಆ ವಿವರ ನಮ್ಮದಲ್ಲ, ನಮ್ಮನ್ನು ನಂಬಿದವರದು.

ಇನ್ನೊಂದು ಕಹಿ ಮಾತು. ನಮ್ಮ ಮನೆಗಳಿಗೆ ವೈರಸ್ ಬರುವುದು ಬಹಳ ಸಲ ಕಳ್ಳ ಸಾಫ್ಟ್‌ವೇರಿನ ಬೆನ್ನೇರಿ. ಪುಕ್ಕಟೆ ಸಿಕ್ಕಿತೆಂದು ಯಾರೋ ಬೀಗ ಮುರಿದ ತಂತ್ರಾಂಶ ಹಾಕಿಕೊಳ್ಳುತ್ತೇವೆ. ಅದನ್ನು ಹಾಕುವಾಗ "ಆಂಟಿವೈರಸ್ ಆರಿಸಿ" ಎನ್ನುತ್ತದೆ, ನಾವೂ ಆರಿಸುತ್ತೇವೆ. ಕಳ್ಳನೇ ಬಂದು ನಾಯಿಯನ್ನು ಕಟ್ಟಿಹಾಕಿ ಎಂದರೆ ಕಟ್ಟುತ್ತೇವೆಯೇ? ಕನ್ನಡ ಬರೆಯಲಿಕ್ಕಂತೂ ಇದರ ಅಗತ್ಯವೇ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತ. ವಿಂಡೋಸಿನಲ್ಲೂ ಉಬುಂಟುವಿನಲ್ಲೂ ಕನ್ನಡ ಕೀಲಿಮಣೆ ಜೊತೆಯಲ್ಲೇ ಇದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರುಗಳು ಎಷ್ಟೋ ವಿಂಡೋಸ್ 11 ತಾಳುವುದಿಲ್ಲ. ಹೊಸದು ಕೊಳ್ಳಲು ಎಲ್ಲರ ಕೈಯಲ್ಲಿ ಸಾಧ್ಯವೇ? ನಾವು ಹೇಳುವುದು, ಅಂಥದ್ದಕ್ಕೆ ಉಬುಂಟು ಹಾಕಿ. ಕಡತಗಳನ್ನು ಮೊದಲು ಬೇರೆಡೆಗೆ ತೆಗೆದಿಟ್ಟುಕೊಂಡೇ ಹಾಕಿ. ಅಪ್ಪ ಅಮ್ಮನಿಗೆ ಅದು ಹೊಸತಿರಬಹುದು, ಹೈಸ್ಕೂಲಿಗೆ ಹೋಗುವ ಮಗಳಿಗೆ ಅದು ದಿನನಿತ್ಯದ್ದು. ಅವಳೇ ಕಲಿಸಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರತಿ ಇಡುವುದು. ಕಂಪ್ಯೂಟರಿನಲ್ಲೊಂದು, ಸದಾ ಸಿಕ್ಕಿಸಿಡದ ಬೇರೆ ಡಿಸ್ಕಿನಲ್ಲೊಂದು, ಮನೆಯಿಂದ ಹೊರಗೆ ಒಂದು. ಮೂರನೆಯದು ಇಮೇಲಿನಲ್ಲಿರಬಹುದು, ಪಕ್ಕದ ಶಾಲೆಯ ಕನ್ನಡ ಅಧ್ಯಾಪಕರಲ್ಲೂ ಇರಬಹುದು. ಅವರ ಪ್ರತಿ ನಮ್ಮಲ್ಲಿ, ನಮ್ಮ ಪ್ರತಿ ಅವರಲ್ಲಿ. ಇದಕ್ಕೆ ಖರ್ಚಿಲ್ಲ, ಮನಸ್ಸು ಬೇಕು.

ಕೊನೆಗೊಂದು ಸಲಹೆ. 2018ರಿಂದ ಕೇರಳದ ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕೂಟಗಳಿವೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿದ್ದಾರೆ. ವರ್ಷಕ್ಕೊಂದು ಶನಿವಾರ ಮಧ್ಯಾಹ್ನ ಅವರು ಹೆತ್ತವರಿಗೂ ಅಧ್ಯಾಪಕರಿಗೂ ಕನ್ನಡದಲ್ಲಿಯೇ ಇದನ್ನು ಹೇಳಿಕೊಡಲಿ. ಪೆನ್ ಡ್ರೈವ್ ತನ್ನಿ, ಪರೀಕ್ಷಿಸಿ ಕೊಡುತ್ತೇವೆ ಎನ್ನಲಿ. ಪಿಟಿಎಯವರು ಒಂದು ಚಹಾದ ಏರ್ಪಾಟು ಮಾಡಿದರೆ ಸಾಕು. ಪರದೆಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿ ಬರುತ್ತದೆ, ಅರ್ಥವಾಗದೆ 'ಓಕೆ' ಒತ್ತುತ್ತೇವೆ. ನಮ್ಮ ಅರ್ಧ ವೈರಸ್ ಬಂದದ್ದು ಹಾಗೆಯೇ.

ನಾವು ಕಳೆದುಕೊಂಡ ಗಾದೆಗಳನ್ನು ಹೇಳಿದ ಅಜ್ಜಿಯರಲ್ಲಿ ಕೆಲವರು ಈಗ ಇಲ್ಲ. ಇನ್ನೊಮ್ಮೆ ಕೇಳಿ ಬರೆಯೋಣ ಎಂದರೆ ಯಾರನ್ನು ಕೇಳುವುದು? ನಿಮ್ಮ ಕಂಪ್ಯೂಟರಿನಲ್ಲಿ ಅಂಥದ್ದೇನಾದರೂ ಇದ್ದರೆ ಇವತ್ತೇ ಒಂದು ಪ್ರತಿ ಮಾಡಿಡಿ. ನಾಳೆ ಎನ್ನಬೇಡಿ. ಏನಂತೀರಿ?