ಗೋಡೆಯ ಮುಂದೆ ಒಂದು ಗಂಟೆ ಕೊಡಿ

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆಗಳಿಗೆ ಪ್ರವಾಸದ ಕಾಲ. ಕತ್ತಲಿರುವಾಗಲೇ ಹೊರಟ ಬಸ್ಸು ಚಾಮುಂಡಿ ಬೆಟ್ಟ, ಮೃಗಾಲಯ, ಅರಮನೆ ಎಲ್ಲವನ್ನೂ ಮುಗಿಸಿ, ದೀಪ ಹಚ್ಚುವ ಹೊತ್ತಿಗೆ ಕೆಆರ್‌ಎಸ್‌ನ ಬೃಂದಾವನ ಸೇರಬೇಕು. ನಡುವೆ ಉಳಿದ ಇಪ್ಪತ್ತು ನಿಮಿಷ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಾಲು. ‘ಮುಟ್ಟಬೇಡ, ನಿಲ್ಲಬೇಡ, ಮುಂದೆ ನಡಿ’ ಎನ್ನುವ ಮೂರು ಮಾತುಗಳಲ್ಲಿ ಇತಿಹಾಸ ಮುಗಿಯುತ್ತದೆ. ಪಾಂಡವಪುರ, ನಾಗಮಂಗಲ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ನಾನು ಶಿಕ್ಷಕ ಮಿತ್ರರನ್ನೂ ಇಲಾಖೆಗಳನ್ನೂ ಕೇಳಿಕೊಳ್ಳುವುದು ಇಷ್ಟು: ವಸ್ತುಸಂಗ್ರಹಾಲಯವನ್ನು ಪ್ರವಾಸದ ಪಟ್ಟಿಯಿಂದ ಹೊರಗೆ ತೆಗೆಯಿರಿ. ಅದಕ್ಕೇ ಒಂದು ದಿನ ಕೊಡಿ. ಆ ದಿನ ಬೇರೇನನ್ನೂ ನೋಡಬೇಡಿ.

ಒಂದು ದಿನ ಪೂರ್ತಿ ಅಲ್ಲಿ ಏನು ಮಾಡುವುದು ಎಂದು ಕೇಳುವವರಿದ್ದಾರೆ. ಅಂಥವರನ್ನು ಕರೆದುಕೊಂಡು ಹೋಗಿ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮುಂದೆ ನಿಲ್ಲಿಸಬೇಕು ಅನ್ನಿಸುತ್ತದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆಯ ಅರಮನೆ ಇದು, 1959ರಿಂದ ವಸ್ತುಸಂಗ್ರಹಾಲಯ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆ ಇಂಗ್ಲಿಷರ ಕರ್ನಲ್ ಬೇಯ್ಲಿಯ ಪಡೆಯನ್ನು ಸೋಲಿಸಿದ ಕಾಳಗ ಆ ಗೋಡೆಯ ಮೇಲಿದೆ. ನಡುವೆ ಚೌಕಾಕಾರವಾಗಿ ನಿಂತ ಕೆಂಪಂಗಿಯ ಸಿಪಾಯಿಗಳು, ಅವರೊಳಗೆ ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ, ಸಿಡಿದು ಹೊತ್ತಿ ಉರಿಯುವ ಮದ್ದಿನ ಬಂಡಿ. ಒಂದು ಪಕ್ಕದಲ್ಲಿ ಒಬ್ಬ ಪರಂಗಿ ಅಧಿಕಾರಿ ದೂರದರ್ಶಕ ಹಿಡಿದು ನೋಡುತ್ತಿದ್ದಾನೆ. ಓಡಿಸಿಕೊಂಡು ಹೋದರೆ ಇದೆಲ್ಲ ಬರೀ ಕೆಂಪು ಬಣ್ಣ. ನಿಲ್ಲಲು ಬಿಟ್ಟರೆ ಮಕ್ಕಳು ತಾವೇ ಕೇಳಲು ಶುರುಮಾಡುತ್ತಾರೆ.

‘ಸಾರ್, ಆ ಕೊಳವೆ ಹಿಡ್ಕೊಂಡಿರೋನು ಯಾರು? ಅವನ್ಯಾಕೆ ಹೊಡೆದಾಡ್ತಿಲ್ಲ?’ ಎಂದು ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು. ಅವನು ಲಾಲಿ, ಮೈಸೂರಿನ ಕಡೆಗಿದ್ದ ಫ್ರೆಂಚ್ ಸೇನಾಧಿಕಾರಿ. ಹೈದರನ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದು ನಮ್ಮ ಹಿರೋಡೆಯ ಬಂಡೆಗಳ ಬಳಿ. ಆದ್ದರಿಂದಲೇ ಇಂದಿನ ಪಾಂಡವಪುರ ಬಹಳ ಕಾಲ ಫ್ರೆಂಚ್ ರಾಕ್ಸ್ ಎನಿಸಿಕೊಂಡಿತ್ತು, ರೈಲು ನಿಲ್ದಾಣಕ್ಕೂ ಅದೇ ಹೆಸರಿತ್ತು. ಆ ಹುಡುಗಿಯ ಮನೆ ಅಲ್ಲೇ. ‘ನಮ್ಮಜ್ಜಿ ಈಗಲೂ ಹಂಗೇ ಅನ್ನೋದು ಸಾರ್’ ಎಂದವಳು ಗೋಡೆಯನ್ನು ಬಿಟ್ಟು ಕದಲಲಿಲ್ಲ. ದೂರದ ಯಾರೋ ದೊರೆಯ ಯುದ್ಧ ಅವಳ ಅಜ್ಜಿಯ ಊರಿನ ಸುದ್ದಿಯಾಗಲು ಅಷ್ಟು ಸಾಕಾಯಿತು.

ಇನ್ನೂ ಸ್ವಲ್ಪ ಹೊತ್ತು ನಿಂತರೆ ಗಟ್ಟಿ ಪ್ರಶ್ನೆಗಳು ಬರುತ್ತವೆ. ಈ ಚಿತ್ರ ಬರೆಸಿದವರು ಯಾರು? ಗೆದ್ದವರು. ಸೋತವರು ಬರೆಸಿದ್ದರೆ ಹೀಗೇ ಇರುತ್ತಿತ್ತೇ? ಅದಕ್ಕೆ ಉತ್ತರ ಅದೇ ಕಟ್ಟಡದ ಒಳಗಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಇಂಗ್ಲಿಷರು ನುಗ್ಗಿದ ದೃಶ್ಯವನ್ನು ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಬರೆದ. ಭಾರತಕ್ಕೆ ಬಾರದೆ, ಲಂಡನ್ನಿನಲ್ಲಿ ಕುಳಿತು, ಕೇಳಿದ್ದನ್ನು ಆಧರಿಸಿ ಬರೆದದ್ದು ಅದು. ಹೊರಗೋಡೆಯ ಚಿತ್ರದ ಕಥೆಯೂ ಸರಳವಾಗಿಲ್ಲ. ಬಣ್ಣ ಮಾಸಿ, ಸುಣ್ಣದಡಿ ಮುಚ್ಚಿಹೋಗಿ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೆ ಬರೆಸಿಕೊಂಡದ್ದು. ಇಂಗ್ಲಿಷರ ಸೋಲಿನ ಚಿತ್ರವನ್ನು ಇಂಗ್ಲಿಷ್ ಅಧಿಕಾರಿಯೇ ಯಾಕೆ ಮತ್ತೆ ಬರೆಸಿದ? ಹಾಗಾದರೆ ನಾವು ನೋಡುತ್ತಿರುವುದು ಯಾರು ಬರೆದ ಗೆರೆ? ಹದಿಮೂರು ವರ್ಷದ ಮಗುವಿನ ಮುಂದೆ ಇದಕ್ಕಿಂತ ಒಳ್ಳೆಯ ಚರಿತ್ರೆಯ ಪಾಠವನ್ನು ಇಡಲು ನನಗೆ ಗೊತ್ತಿಲ್ಲ.

ಟಿಪ್ಪುವಿನ ಹೆಸರು ಎತ್ತಿದರೆ ಜಗಳ ಎಂಬ ಅಳುಕು ಇಂದು ಅನೇಕ ಶಿಕ್ಷಕರಲ್ಲಿದೆ. ಅದಕ್ಕಾಗಿಯೇ ಕಟ್ಟಡದ ಸುತ್ತ ಒಂದು ಸುತ್ತು ಹಾಕಿಸಿ ಬಸ್ಸು ಹತ್ತಿಸಿಬಿಡುತ್ತಾರೆ. ಈ ಅಳುಕು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಮಕ್ಕಳಿಗೆ ನಾವು ಕೊಡಬೇಕಾದದ್ದು ಸಾಕ್ಷ್ಯವನ್ನು ಓದುವ ಅಭ್ಯಾಸ. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಯಾರಿಗಾಗಿ ಹೇಳಿದ್ದು ಎಂದು ಕೇಳಲು ಕಲಿತ ಮಗು ದೊಡ್ಡವರ ಜಗಳವನ್ನೂ ಹಾಗೆಯೇ ಪರೀಕ್ಷಿಸುತ್ತದೆ.

ಇಷ್ಟೆಲ್ಲ ಇದ್ದರೂ ಆ ಅರಮನೆಯಲ್ಲಿ ಇಲ್ಲದ್ದೊಂದಿದೆ: ಊರಿನ ಸಾಮಾನ್ಯ ಜನ. ಅವರನ್ನು ಕಾಣಬೇಕಾದರೆ ಮಕ್ಕಳು ತಮ್ಮ ಹಳ್ಳಿಗಳಿಗೇ ಮರಳಬೇಕು. ಕೆ.ಆರ್.ಪೇಟೆ, ನಾಗಮಂಗಲದ ಹಾದಿಯಲ್ಲಿ ವೀರಗಲ್ಲು ಇಲ್ಲದ ಊರು ಹುಡುಕುವುದು ಕಷ್ಟ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ದನ ಕದಿಯಲು ಬಂದವರನ್ನು ತಡೆದು ಸತ್ತವನು, ಊರಿನ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಮಡಿದವನು, ಇವರಿಗೆಲ್ಲ ಕಲ್ಲು ನಿಂತಿದೆ. ಅದೇ ಕಲ್ಲು ಇವತ್ತು ಕಾಲುವೆಯಂಚಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ, ಕೊಟ್ಟಿಗೆಯ ಮೆಟ್ಟಿಲಾಗಿದೆ. ‘ಅದ್ಯಾವ್ದೋ ಹಳೇ ಕಾಲದ್ದು ಮೇಷ್ಟ್ರೇ, ಅದ್ರಾಗೇನೈತೆ’ ಎಂದು ಹಿರಿಯರು ಅದರ ಮೇಲೆಯೇ ಕುಳಿತು ಹೇಳುತ್ತಾರೆ. ಓದಿ ಹೇಳುವವರು ಯಾರೂ ಬರಲಿಲ್ಲ, ಈ ಹಿರಿಯರನ್ನು ದೂರಿ ಪ್ರಯೋಜನವಿಲ್ಲ.

ಕೆ.ಆರ್.ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳನ್ನು ನೋಡಿದ ಮಕ್ಕಳು ಎಷ್ಟು ಮಂದಿ? ಕಂಬದ ತುದಿಯಲ್ಲಿ ಆನೆ, ಆನೆಯ ಮೇಲೆ ಗರುಡ. ಹೊಯ್ಸಳ ದೊರೆ ತೀರಿಕೊಂಡಾಗ ತಾವೂ ಪ್ರಾಣ ಬಿಡುವುದಾಗಿ ಮಾತು ಕೊಟ್ಟು, ತಲೆಮಾರುಗಳ ಕಾಲ ನಡೆಸಿಕೊಂಡ ಮನೆತನದ ನೆನಪು ಅದು. ಹೊಸಹೊಳಲಿನ ದೇವಾಲಯದ ಕೆತ್ತನೆ ನೋಡಲು ದೂರದಿಂದ ಜನ ಬರುತ್ತಾರೆ, ಈ ಕಂಬಗಳ ಕಡೆಗೆ ಬರುವವರು ಕಡಿಮೆ. ನಿಷ್ಠೆ ಎಂದರೇನು, ಅದು ಎಲ್ಲಿಯವರೆಗೆ, ಆ ಸಾವಿಗೆ ಮನೆಯ ಹೆಂಗಸರು ಏನೆಂದುಕೊಂಡರು? ಪ್ರೌಢಶಾಲೆಯ ಮಕ್ಕಳು ಒಂದು ಮಧ್ಯಾಹ್ನವೆಲ್ಲ ಚರ್ಚಿಸುವಷ್ಟು ವಿಷಯ ಅಲ್ಲಿ ನಿಂತಿದೆ.

ಕಲ್ಲನ್ನು ಓದಲು ಕಲಿಸುವ ಕೆಲಸ ಕಷ್ಟದ್ದೇನಲ್ಲ. ಪುರಾತತ್ವ ಇಲಾಖೆಯ ಅನುಮತಿ ಪಡೆದು, ಬಲ್ಲವರ ಕಣ್ಣೆದುರಿನಲ್ಲೇ ಮಾಡಬೇಕು, ಅಷ್ಟೇ. ಕಲ್ಲಿಗೆ ನೀರು ಹಾಕಿ ಮೆತ್ತಗೆ ಉಜ್ಜಿ, ಒದ್ದೆ ಮಾಡಿದ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಯೊಳಗೆ ಇಳಿಸುತ್ತಾರೆ. ಆಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೇಲೆ ಒತ್ತಿದರೆ ಕಪ್ಪು ನೆಲದ ಮೇಲೆ ಅಕ್ಷರ ಬೆಳ್ಳಗೆ ಏಳುತ್ತದೆ. ಹಾಗೆ ಎದ್ದ ಮೊದಲ ಅಕ್ಷರವನ್ನು ಗುರುತಿಸಿದ ಮಗುವಿನ ಮುಖವನ್ನು ನಾನು ನೋಡಿದ್ದೇನೆ. ಆ ಅಚ್ಚನ್ನು ಇಟ್ಟುಕೊಂಡು ಪುಸ್ತಕದಲ್ಲಿ ಹುಡುಕಬಹುದು. ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿ ಹೊರತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ (1977) ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳದ್ದು. ನಾಗಮಂಗಲ ಏಳನೆಯ ಸಂಪುಟದಲ್ಲಿದೆ (1979). ತಮ್ಮ ಊರಿನ ಹೆಸರು ಅಷ್ಟು ದಪ್ಪ ಪುಸ್ತಕದಲ್ಲಿ ಅಚ್ಚಾಗಿರುವುದನ್ನು ಕಂಡಾಗ ಮಕ್ಕಳಿಗೆ ಬರುವ ಬಿಂಕವೇ ಬೇರೆ.

ಊರಿನ ಕಲ್ಲುಗಳನ್ನೆಲ್ಲ ಸಂಗ್ರಹಾಲಯಕ್ಕೆ ಸಾಗಿಸಿಬಿಡಬೇಕು ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನಮ್ಮ ಜಿಲ್ಲೆಯದೇ ಆದ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯ ಜೊತೆ ಸೆಣಸಿ ಅದರೊಂದಿಗೇ ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಕಲ್ಲು ಅದು. ಅಲ್ಲಿ ಅದು ಭದ್ರವಾಗಿದೆ, ಸಂತೋಷ. ಆದರೆ ಅದರ ಪಡಿಯಚ್ಚೊಂದು ಆತಕೂರಿನ ಶಾಲೆಯ ಗೋಡೆಯ ಮೇಲೂ ಇರಬೇಕು. ಸಂಗ್ರಹಾಲಯ ಒಂದು ವಸ್ತುವನ್ನು ಒಯ್ದರೆ ಅದರ ಕಥೆಯನ್ನು ಊರಿಗೆ ಹಿಂದಿರುಗಿಸುವ ಹೊಣೆಯೂ ಅದರದ್ದೇ.

ಈಗ ದಿನಗಳ ಮಾತು. ಪರಂಪರೆಯ ಹೆಸರಿನ ಆಚರಣೆಗಳು ನಮ್ಮಲ್ಲಿ ಇವೆ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ವಸ್ತುಸಂಗ್ರಹಾಲಯ ದಿನ. ಎರಡೂ ಬರುವುದು ನಮ್ಮ ಶಾಲೆಗಳ ಬೇಸಿಗೆ ರಜೆಯಲ್ಲಿ! ಮಕ್ಕಳು ಅಜ್ಜಿಯ ಮನೆಯಲ್ಲಿರುವಾಗ ದೊಡ್ಡವರು ದೊಡ್ಡವರಿಗೇ ಭಾಷಣ ಮಾಡಿ ಮುಗಿಸುತ್ತಾರೆ. ಶಾಲೆ ನಡೆಯುವಾಗ ಸಿಗುವುದು ನವೆಂಬರ್ 19ರಿಂದ 25ರ ಪರಂಪರೆ ಸಪ್ತಾಹ. ರಾಜ್ಯದ ಪುರಾತತ್ವ ಇಲಾಖೆಯ ‘ಪ್ರಾಚ್ಯಪ್ರಜ್ಞೆ’ ಕಾರ್ಯಕ್ರಮದಲ್ಲಿ ಪ್ರಬಂಧ, ಭಾಷಣ, ಚಿತ್ರಕಲೆ, ರಸಪ್ರಶ್ನೆ ಸ್ಪರ್ಧೆಗಳಿವೆ. ಅವು ಬೇಕು. ಆದರೆ ಸ್ಪರ್ಧೆಗೆ ಬರುವುದು ಶಾಲೆಗೆ ಒಬ್ಬಿಬ್ಬರು ಚುರುಕು ಮಕ್ಕಳು. ಹಿಂದಿನ ಬೆಂಚಿನ ಹುಡುಗನಿಗೆ ಕಲ್ಲು ತೊಳೆಯುವ ಕೆಲಸ ಕೊಟ್ಟು ನೋಡಿ, ಪ್ರಬಂಧ ಬರೆಯಲಾರದವನು ಅಲ್ಲಿ ಎಲ್ಲರಿಗಿಂತ ಮುಂದಿರುತ್ತಾನೆ.

ಪುಸ್ತಕದ ಚೀಲವಿಲ್ಲದ ‘ಸಂಭ್ರಮ ಶನಿವಾರ’ ತಿಂಗಳಿಗೊಮ್ಮೆ ಬರುತ್ತದೆ. ವರ್ಷದಲ್ಲಿ ಅಂಥ ಒಂದು ಶನಿವಾರ ದರಿಯಾ ದೌಲತ್‌ಗೆ, ಇನ್ನೊಂದು ತಮ್ಮೂರಿನ ಕಲ್ಲಿಗೆ ಮೀಸಲಾಗಲಿ. ಕೇಂದ್ರ ಪುರಾತತ್ವ ಇಲಾಖೆಯ ತಾಣಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಖರ್ಚೆಂದರೆ ಬಸ್ಸಿನದು. ಪಾಂಡವಪುರದವರಿಗೆ ಅದು ಹೊರೆಯಾಗದು, ನಾಗಮಂಗಲದ ಗಡಿಯ ಹಳ್ಳಿಯವರಿಗೆ ಆಗುತ್ತದೆ, ಅವರಿಗೆ ತಾಲ್ಲೂಕು ಪಂಚಾಯ್ತಿ ನೆರವಾಗಬೇಕು. ಜೊತೆಗೆ, ಮಕ್ಕಳೊಡನೆ ಕನ್ನಡದಲ್ಲಿ ಮಾತಾಡಬಲ್ಲ, ಪ್ರಶ್ನೆಗೆ ಬೇಸರಿಸದ ಒಬ್ಬ ಶಿಕ್ಷಕರನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಿಗಾಗಿಯೇ ನಿಯೋಜನೆಯ ಮೇಲೆ ಸಂಗ್ರಹಾಲಯದಲ್ಲಿ ಕೂರಿಸಿದರೆ ಅರ್ಧ ಕೆಲಸ ಆದಂತೆಯೇ. ಮಕ್ಕಳು ತೆಗೆದ ಅಚ್ಚುಗಳನ್ನು ಚೌಕಟ್ಟು ಹಾಕಿಸಿ, ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದ ಗೋಡೆಗೆ ತೂಗುಹಾಕಿ, ಕೆಳಗೆ ಅದರ ಅರ್ಥವನ್ನು ಇವತ್ತಿನ ಕನ್ನಡದಲ್ಲಿ ಬರೆಸಲಿ. ಎಪಿಗ್ರಾಫಿಯಾ ಕರ್ನಾಟಿಕದ ಆರು ಮತ್ತು ಏಳನೆಯ ಸಂಪುಟಗಳ ಒಂದೊಂದು ಪ್ರತಿಯನ್ನೂ ಅಲ್ಲಿಡಲಿ. ಈ ನವೆಂಬರ್‌ಗೆ ತಯಾರಿ ನಡೆಸುವ ಯಾವ ಶಾಲೆಯಾದರೂ ಸರಿ, ಕರೆದರೆ ಬ್ರಷ್ಷು, ಕಾಗದ ಹಿಡಿದು ಬರಲು ನಾನು ಸಿದ್ಧನಿದ್ದೇನೆ.